ನೆಲ ಯಾರದ್ದು, ಮನೆ ಯಾರದ್ದು: ಸಿಂಗಪುರದ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಸಿಂಗಪುರಕ್ಕೆ ಹೋಗಿಬಂದವರು ನಿಮ್ಮಲ್ಲೂ ಕೆಲವರು ಇರಬಹುದು. ಸಾಲುಸಾಲು ಬಹುಮಹಡಿ ಕಟ್ಟಡಗಳು, ಗೋಡೆಯ ಮೇಲೆ ದೊಡ್ಡದಾಗಿ ಬರೆದ ನಂಬರು, ಕಿಟಕಿಯಾಚೆ ಚಾಚಿದ ಗಳುವಿನ ಮೇಲೆ ಒಣಗುವ ಬಟ್ಟೆ. ಇವೆಲ್ಲ ಸರ್ಕಾರ ಕಟ್ಟಿದ್ದು ಅಂದರೆ ನಮ್ಮವರು ಬೇಗ ನಂಬುವುದಿಲ್ಲ. ಸರ್ಕಾರಿ ಕ್ವಾರ್ಟರ್ಸ್ ಅಂದಕೂಡಲೇ ನಮ್ಮ ಕಣ್ಣಮುಂದೆ ಬರುವ ಚಿತ್ರವೇ ಬೇರೆ! ಆದರೆ ಆ ದ್ವೀಪದ ನಿವಾಸಿಗಳಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ಇರುವುದು ಇಂಥ ಮನೆಗಳಲ್ಲೇ.

ಸ್ವಲ್ಪ ಹಿಂದೆ ಹೋಗೋಣ. 1961ರ ಮೇ 25, ಬಕ್ರೀದ್ ರಜೆ. ಬುಕಿತ್ ಹೋ ಸ್ವೀ ಎಂಬಲ್ಲಿ ಮಧ್ಯಾಹ್ನ ಬೆಂಕಿ ಬಿತ್ತು. ಮರದ ಗೋಡೆ, ಗರಿ ಹೊದಿಸಿದ ಸೂರು, ಒಂದಕ್ಕೊಂದು ಆತುಕೊಂಡ ಮನೆಗಳು. ನಾಲ್ವರು ಸತ್ತರು, ಸುಮಾರು 16,000 ಜನ ಉಟ್ಟ ಬಟ್ಟೆಯಲ್ಲಿ ಬೀದಿಗೆ ಬಂದರು. ವಸತಿ ಮಂಡಳಿ, ಅಂದರೆ ಎಚ್‌ಡಿಬಿ, ಆಗ ಇನ್ನೂ ಎಳೆಗೂಸು. ಹುಟ್ಟಿದ್ದು 1960ರ ಫೆಬ್ರವರಿಯಲ್ಲಿ. ಅದಕ್ಕೆ ಮುಂಚೆ ಬ್ರಿಟಿಷರ ಕಾಲದ ಟ್ರಸ್ಟು ಮೂವತ್ತೆರಡು ವರ್ಷದಲ್ಲಿ ಕಟ್ಟಿದ್ದು ಸುಮಾರು 23,000 ಮನೆ. ಈ ಮಂಡಳಿ ಮೊದಲ ಐದೇ ವರ್ಷದಲ್ಲಿ 50,000 ದಾಟಿಸಿತು. ಅಧ್ಯಕ್ಷ ಲಿಮ್ ಕಿಮ್ ಸಾನ್ ವ್ಯಾಪಾರಸ್ಥ, ಸಂಬಳವಿಲ್ಲದೆ ಕೂತವರು. ಕಟ್ಟಿದ ಮನೆಗಳು ಚೆಂದವೇನೂ ಇರಲಿಲ್ಲ, ಎಷ್ಟೋ ಒಂದೇ ಕೋಣೆಯವು. ಹೊಸದಾಗಿ ಬಂದ ಕೆಲವರು ಸಾಕಿದ ಹಂದಿಗಳನ್ನೂ ಪುಸಲಾಯಿಸಿ ಮೆಟ್ಟಿಲು ಹತ್ತಿಸುತ್ತಿದ್ದರಂತೆ. ಪ್ರಧಾನಿಯಾಗಿದ್ದ ಲೀ ಕ್ವಾನ್ ಯೂ ಅವರೇ ಇದನ್ನು ನೆನೆದಿದ್ದಾರೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಇದು ಬರೀ ಕಾಂಟ್ರಾಕ್ಟರು ಕಥೆಯಾಗುತ್ತದೆ. ಕಟ್ಟುವುದು ದೊಡ್ಡದಲ್ಲ, ಎಲ್ಲಿ ಕಟ್ಟುವುದು? ಸುತ್ತ ಸಮುದ್ರ ಇರುವ ಊರು ಹೊರವಲಯಕ್ಕೆ ಬೆಳೆಯುವ ಹಾಗಿಲ್ಲ. ಸರ್ಕಾರ ಮನೆ ಕಟ್ಟಿದಷ್ಟೂ ಪಕ್ಕದ ಜಾಗದ ಬೆಲೆ ಏರುತ್ತದೆ, ಮುಂದಿನ ಮನೆಗೆ ಅದೇ ಸರ್ಕಾರ ಅದೇ ಏರಿದ ಬೆಲೆ ತೆರಬೇಕು. ಈ ಗಂಟು ಬಿಚ್ಚಿದ್ದು 1966ರ ಭೂಸ್ವಾಧೀನ ಕಾಯ್ದೆ. ಆಮೇಲೆ ತಿದ್ದುಪಡಿ ಮಾಡಿ, ಪರಿಹಾರಕ್ಕೆ 1973ರ ನವೆಂಬರ್ 30ರ ಬೆಲೆಯೇ ಮಿತಿ ಎಂದರು. ಅಂದರೆ ವರ್ಷಗಳು ಉರುಳಿದ ಮೇಲೆ ಜಮೀನು ಹೋದವನಿಗೂ ಆ ಹಳೆಯ ದರವೇ. ರಸ್ತೆ, ನೀರು, ಚರಂಡಿ ಕೊಟ್ಟಿದ್ದು ಜನರ ದುಡ್ಡು, ಅದರಿಂದ ಏರಿದ ಬೆಲೆ ಒಬ್ಬನ ಜೇಬಿಗೆ ಯಾಕೆ ಹೋಗಬೇಕು ಅನ್ನುವುದು ಲೀ ಅವರ ವಾದ. ವಾದದಲ್ಲಿ ತೂಕವಿದೆ. ಆದರೆ ಕಳಕೊಂಡವರ ಹೊಟ್ಟೆಯುರಿಯೂ ಸುಳ್ಳಲ್ಲ. ಆ ಮಿತಿಯ ತಾರೀಖನ್ನು ಮುಂದೆ ಹಲವು ಸಲ ಸರಿಸಿದರು. ಪೂರ್ತಿ ಮಾರುಕಟ್ಟೆ ದರ ಬಂದಿದ್ದು 2007ರಲ್ಲಿ. ಅಷ್ಟರೊಳಗೆ ದ್ವೀಪದ ಬಹುಪಾಲು ನೆಲ ಸರ್ಕಾರದ ಕೈಸೇರಿತ್ತು. ಸಿಂಗಪುರದ ಪವಾಡ ಅಂತ ಹೊಗಳುವವರು ಈ ಪುಟವನ್ನು ಹಾರಿಸಿಬಿಡುತ್ತಾರೆ.

ಇನ್ನು ದುಡ್ಡು. ಮನೆಗಳನ್ನು ಮಾರುವ ಯೋಜನೆ 1964ರಲ್ಲೇ ಬಂದರೂ ಸಂಬಳದವರ ಹತ್ತಿರ ಮುಂಗಡಕ್ಕೆ ಕಾಸಿರಲಿಲ್ಲ. 1968ರಲ್ಲಿ ಸಿಪಿಎಫ್, ನಮ್ಮ ಪಿಎಫ್ ಇದ್ದ ಹಾಗೆ ಅನ್ನಿ, ಆ ಹಣದಿಂದಲೇ ಮುಂಗಡವನ್ನೂ ಕಂತನ್ನೂ ಕಟ್ಟಬಹುದು ಎಂದರು. ಕೈಗೆ ಬರುವ ಸಂಬಳ ಮುಟ್ಟದೆ ಮನೆ ಸಿಕ್ಕರೆ ಯಾರು ಬೇಡ ಅಂತಾರೆ?

ಯಾರ ಪಕ್ಕ ಯಾರಿರಬೇಕು ಅನ್ನುವುದಕ್ಕೂ ನಿಯಮವಿದೆ. 1989ರಿಂದ ಪ್ರತಿ ಬ್ಲಾಕಿನಲ್ಲಿ ಚೀನೀ, ಮಲಯ, ಭಾರತೀಯ ಮತ್ತಿತರರಿಗೆ ಗರಿಷ್ಠ ಪಾಲು ಗೊತ್ತುಮಾಡಿದ್ದಾರೆ. ಅಲ್ಲಿ ಮನೆ ಕೊಂಡ ನಮ್ಮ ಕನ್ನಡಿಗರೂ ಭಾರತೀಯರ ಲೆಕ್ಕಕ್ಕೇ. ಚೀನೀಯರ ಪಾಲು ತುಂಬಿದ ಬ್ಲಾಕಿನಲ್ಲಿ ಉಳಿದವರು ತಮ್ಮ ಮನೆಯನ್ನು ಚೀನೀಯರಿಗೆ ಮಾರುವಂತಿಲ್ಲ, ಕೊಳ್ಳುವವರು ಕಮ್ಮಿಯಾಗುತ್ತಾರೆ, ಬೆಲೆಯೂ ಇಳಿಯಬಹುದು. ಒಟ್ಟಿಗೆ ಬಾಳುವುದರ ಖರ್ಚು ಅಲ್ಪಸಂಖ್ಯಾತರ ತಲೆಗೇ ಜಾಸ್ತಿ ಬೀಳುತ್ತದೆ. ಇದು ನನಗೆ ಸರಿಕಾಣುವುದಿಲ್ಲ.

ಇನ್ನೊಂದು ಮಾತು. 'ಸ್ವಂತ ಮನೆ' ಅಂತ ಇಷ್ಟು ಹೊತ್ತು ಹೇಳಿದೆನಲ್ಲ, ಅದು 99 ವರ್ಷದ ಗುತ್ತಿಗೆ. ಬೆಂಗಳೂರಿನಲ್ಲಿ ಮೂರು ವರ್ಷಕ್ಕೆ ಭೋಗ್ಯಕ್ಕೆ ಹಾಕಿಕೊಳ್ಳುತ್ತೇವಲ್ಲ, ಅಲ್ಲಿ ಒಂದು ಆಯುಷ್ಯಕ್ಕೆ. ವ್ಯತ್ಯಾಸ ಏನೆಂದರೆ ಭೋಗ್ಯದ ದುಡ್ಡು ಕೊನೆಗೆ ವಾಪಸು ಬರುತ್ತದೆ! ಅವಧಿ ಮುಗಿದರೆ ಏನಾಗುತ್ತದೆ ಅನ್ನುವುದು 2020ರ ಡಿಸೆಂಬರ್ 31ರಂದು ಕಣ್ಣಿಗೆ ಕಂಡಿತು. ಗೇಲಾಂಗ್‌ನ ಲೋರಾಂಗ್ 3ರಲ್ಲಿ 191 ಮನೆಗಳ 60 ವರ್ಷದ ಗುತ್ತಿಗೆ ಅಂದಿಗೆ ತೀರಿತು. ಅವು ಎಚ್‌ಡಿಬಿ ಮನೆಗಳಲ್ಲ, ಖಾಸಗಿಯವು. ನೆಲ ಸರ್ಕಾರಕ್ಕೆ ಹೋಯಿತು, ಪರಿಹಾರ ಸೊನ್ನೆ.

ಎಚ್‌ಡಿಬಿಯ ಮೊದಲ ಗುತ್ತಿಗೆಗಳು ತೀರುವುದು 2060ರ ದಶಕದಲ್ಲಿ. ಎಪ್ಪತ್ತು ವರ್ಷದ ಆಸುಪಾಸಿನಲ್ಲಿ ನಿವಾಸಿಗಳು ಮತ ಹಾಕಿ ಒಪ್ಪಿದರೆ ಸರ್ಕಾರವೇ ಮನೆ ಕೊಳ್ಳುವ ಯೋಜನೆಯನ್ನು 2018ರಲ್ಲಿ ಪ್ರಕಟಿಸಿದ್ದಾರೆ. ಪರಿಹಾರದಲ್ಲಿ ಹೆಚ್ಚು ಧಾರಾಳ ಇರುವುದಿಲ್ಲ ಎಂದೂ ಆಗಲೇ ಹೇಳಿಟ್ಟಿದ್ದಾರೆ. 1966ರಲ್ಲಿ ಸರ್ಕಾರದ ಎದುರು ಜಮೀನುದಾರ ಕೂತಿದ್ದ. ಈಗ ಅದೇ ಕುರ್ಚಿಯಲ್ಲಿ ಪಿಎಫ್ ಕಟ್ಟಿ ಮನೆ ಕೊಂಡವನು ಕೂತಿದ್ದಾನೆ, ಎಷ್ಟು ಕೊಡುತ್ತೀರಿ ಎಂದು ಕೇಳುತ್ತ.