ದಾವೆ ಹಿಂತೆಗೆದ ಮೇಲೆ ಉಳಿಯುವ ಪ್ರಶ್ನೆಗಳು

ಮಾನ್ಯರೇ,

ಪ್ರಭಾವಿ ವ್ಯಕ್ತಿಯೊಬ್ಬರ ಮೇಲೆ ಹೂಡಿದ್ದ ಲೈಂಗಿಕ ದೌರ್ಜನ್ಯದ ದಾವೆಯನ್ನು ವಾದಿ ಹಿಂತೆಗೆದುಕೊಂಡರೆಂಬ ಸುದ್ದಿ ಬಂದೊಡನೆ, ಆರೋಪವೇ ಸುಳ್ಳೆಂದು ಕೆಲವರೂ ಬೆದರಿಸಿ ಬಾಯಿ ಮುಚ್ಚಿಸಿದರೆಂದು ಕೆಲವರೂ ತೀರ್ಪು ಕೊಟ್ಟುಬಿಡುತ್ತಾರೆ. ನ್ಯಾಯಾಲಯದ ಕಡತ ಸಾಮಾನ್ಯವಾಗಿ ಈ ಎರಡರಲ್ಲಿ ಯಾವುದನ್ನೂ ಹೇಳುವುದಿಲ್ಲ. ಇಂಥ ದಾವೆಗಳು ಬಹಳ ಚರ್ಚೆಗೆ ಬಂದಿರುವ ಅಮೆರಿಕದ ಕಾನೂನನ್ನು ಆಧರಿಸಿ ಇದನ್ನು ವಿವರಿಸುತ್ತೇನೆ.

ಅಲ್ಲಿನ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳ 41ನೆಯ ನಿಯಮದ ಪ್ರಕಾರ, ಪ್ರತಿವಾದಿ ಲಿಖಿತ ಉತ್ತರ ಸಲ್ಲಿಸುವ ಮೊದಲು ವಾದಿಯು ನ್ಯಾಯಾಧೀಶರ ಅನುಮತಿಯಿಲ್ಲದೆ, ಕಾರಣವನ್ನೂ ಕೊಡದೆ, ಒಂದು ನೋಟಿಸಿನಿಂದಲೇ ದಾವೆಯನ್ನು ಹಿಂತೆಗೆಯಬಹುದು. ನೋಟಿಸಿನಲ್ಲಿ ಬೇರೆ ರೀತಿ ಹೇಳದಿದ್ದರೆ ಅದೇ ದಾವೆಯನ್ನು ಮತ್ತೆ ಹೂಡುವ ಹಕ್ಕು ಉಳಿಯುತ್ತದೆ. ಎರಡನೆಯ ಬಾರಿ ಹೀಗೆಯೇ ಹಿಂತೆಗೆದರೆ ಆ ಹಕ್ಕು ಹೋಗುತ್ತದೆ. ಮರುದಾವೆಗೆ ಅವಕಾಶವೇ ಇಲ್ಲದಂತೆ ಮೊದಲ ಸಲವೇ ಹಿಂತೆಗೆಯುವುದೂ ಉಂಟು. ರ‍್ಯಾಪ್ ಗಾಯಕ ಜೇ-ಜೀ ಅವರ ಹೆಸರನ್ನು 2024ರ ಡಿಸೆಂಬರಿನಲ್ಲಿ ಸೇರಿಸಲಾಗಿದ್ದ ದಾವೆಯನ್ನು 2025ರ ಫೆಬ್ರವರಿಯಲ್ಲಿ ಹಾಗೆಯೇ ಕೈಬಿಡಲಾಯಿತು. ಅವರು ಆರೋಪವನ್ನು ಮೊದಲಿನಿಂದಲೂ ನಿರಾಕರಿಸಿದ್ದರು. ಆ ದಾರಿ ಶಾಶ್ವತವಾಗಿ ಮುಚ್ಚಿತು, ಆದರೆ ಸಾಕ್ಷ್ಯದ ವಿಚಾರಣೆ ನಡೆಯಲೇ ಇಲ್ಲ.

ಮರುದಾವೆಯ ಹಕ್ಕು ಉಳಿದಿದೆ ಎಂಬ ಮಾತನ್ನೂ ಎಚ್ಚರದಿಂದ ಓದಬೇಕು. ಹಿಂತೆಗೆದ ದಾವೆಯನ್ನು ಕಾನೂನು ಸಾಮಾನ್ಯವಾಗಿ ಹೂಡಿಯೇ ಇರಲಿಲ್ಲ ಎಂಬಂತೆ ಕಾಣುವುದರಿಂದ ಕಾಲಮಿತಿ ಯಾರಿಗೂ ಕಾಯದೆ ಓಡುತ್ತಿರುತ್ತದೆ. ನ್ಯೂಯಾರ್ಕ್ ರಾಜ್ಯವು 2022ರ ನವೆಂಬರಿನಿಂದ ಒಂದು ವರ್ಷ ಹಳೆಯ ದೌರ್ಜನ್ಯಗಳ ಬಗ್ಗೆ ದಾವೆ ಹೂಡಲು ವಿಶೇಷ ಅವಕಾಶ ಕೊಟ್ಟಿತ್ತು. ಆ ಅವಧಿಯಲ್ಲಿ ಹೂಡಿ ನಂತರ ಹಿಂತೆಗೆದವರಿಗೆ ಮರಳುವ ದಾರಿ ಕಾಗದದ ಮೇಲಷ್ಟೇ ಉಳಿದಿರಬಹುದು.

ಹಿಂತೆಗೆಯಲು ಕಾರಣಗಳೂ ಹಲವು. ಹೆಸರು ಮರೆಮಾಡಲು ನ್ಯಾಯಾಧೀಶರು ಒಪ್ಪದಿದ್ದರೆ, ಲೋಕದೆದುರು ತನ್ನ ಗುರುತನ್ನು ಒಡ್ಡುವುದೋ ದಾವೆಯನ್ನೇ ಬಿಡುವುದೋ ಎಂಬ ಆಯ್ಕೆ ವಾದಿಯ ಮುಂದೆ ನಿಲ್ಲುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕ್ರಿಯೆಯಲ್ಲಿ ಇದಕ್ಕಿಂತ ಕ್ರೂರವಾದ ಘಟ್ಟವಿಲ್ಲ. ಹಣ ಪಡೆದು ಮೌನಕ್ಕೆ ಒಪ್ಪಿದ ರಾಜಿಯೂ ಕಾರಣವಿರಬಹುದು. 2022ರ ಫೆಡರಲ್ ಕಾಯಿದೆ ವಿವಾದಕ್ಕೆ ಮೊದಲೇ ಮಾಡಿಸಿಕೊಂಡ ಮೌನದ ಕರಾರುಗಳನ್ನು ಮಾತ್ರ ತಡೆಯುತ್ತದೆ, ವಿವಾದದ ನಂತರದ ರಾಜಿಗಳನ್ನು ಮುಟ್ಟುವುದಿಲ್ಲ.

ಆರೋಪಕ್ಕೊಳಗಾದವರ ಕಷ್ಟವೂ ನಿಜವಾದದ್ದೇ. ದಾವೆಯ ಪತ್ರದಲ್ಲಿ ಬರೆದ ಮಾತಿಗೆ ಸಾಮಾನ್ಯವಾಗಿ ಮಾನನಷ್ಟದ ಹೊಣೆಯಿಂದ ರಕ್ಷಣೆಯಿದೆ. ಅದನ್ನೇ ಹೊರಗೆ ಹೇಳಿದಾಗ ಆ ರಕ್ಷಣೆ ದೊರೆಯದೆ ಹೋಗಬಹುದಾದರೂ, 1964ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬೆಳೆದು ಬಂದ ನ್ಯಾಯದಂತೆ ಸಾರ್ವಜನಿಕ ವ್ಯಕ್ತಿಯು ಆ ಮಾತು ಸುಳ್ಳೆಂದು ತಿಳಿದೇ, ಅಥವಾ ನಿಜವೋ ಸುಳ್ಳೋ ಎಂಬುದನ್ನು ಲೆಕ್ಕಿಸದೆ, ಆಡಿದ್ದೆಂದು ಸಾಬೀತುಪಡಿಸಬೇಕು. ತೀರ್ಪೇ ಇಲ್ಲದ ಕಡತದಿಂದ ಅದನ್ನು ಸಾಬೀತುಪಡಿಸುವುದು ಸುಲಭವಲ್ಲ.

ಮುಗಿದ ದಾವೆಯ ಕಾಗದಗಳು ಮಾತ್ರ ಸುಮ್ಮನಿರುವುದಿಲ್ಲ. ನಟ ಬಿಲ್ ಕಾಸ್ಬಿ ಅವರ ವಿರುದ್ಧದ ಸಿವಿಲ್ ದಾವೆ 2006ರಲ್ಲಿ ರಾಜಿಯಲ್ಲಿ ಮುಗಿಯಿತು; ಅದರಲ್ಲಿ ಅವರು ಪ್ರಮಾಣ ಮಾಡಿ ಕೊಟ್ಟಿದ್ದ ಹೇಳಿಕೆಯ ಭಾಗಗಳು 2015ರಲ್ಲಿ ಬಹಿರಂಗವಾದವು, ಅದೇ ವರ್ಷ ಕ್ರಿಮಿನಲ್ ಮೊಕದ್ದಮೆ ದಾಖಲಾಗಿ 2018ರಲ್ಲಿ ಶಿಕ್ಷೆಯೂ ಆಯಿತು. ಹಿಂದಿನ ಪ್ರಾಸಿಕ್ಯೂಟರ್ ಮೊಕದ್ದಮೆ ಹೂಡುವುದಿಲ್ಲವೆಂದು ಕೊಟ್ಟಿದ್ದ ಭರವಸೆಯನ್ನು ನಂಬಿಯೇ ಅವರು ಆ ಹೇಳಿಕೆ ಕೊಟ್ಟಿದ್ದರೆಂಬ ಕಾರಣಕ್ಕೆ, ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ 2021ರಲ್ಲಿ ಆ ಶಿಕ್ಷೆಯನ್ನು ರದ್ದುಪಡಿಸಿತು.