ಕೈಗೆ ಗೊತ್ತಿರುವ ವಿದ್ಯೆಗೆ ಒಂದು ಕಾಗದ

ಕೇಳುಗರೆಲ್ಲರಿಗೂ ನಮಸ್ಕಾರ.

ಜಗಳೂರು ಕಡೆಯ ಒಬ್ಬ ಹೆಣ್ಣುಮಗಳು ಒಂದು ದಿನ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಆಧಾರ್ ಕಾರ್ಡು, ಏಳನೇ ಕ್ಲಾಸಿನ ಟಿಸಿ, ತಾವೇ ಹೊಲಿದ ಎರಡು ಬ್ಲೌಸು. 19 ವರ್ಷದಿಂದ ಹೊಲಿಯುತ್ತಿದ್ದಾರೆ. ಊರಲ್ಲಿ ಮದುವೆ ಇದ್ದರೆ ಅವರ ಮನೆ ಮುಂದೆ ಹೆಂಗಸರು ಸಾಲುಗಟ್ಟಿ ಕೂರುತ್ತಾರೆ. ದಾವಣಗೆರೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಕೆಲಸ ಇದೆ ಅಂತ ಕೇಳಿ ಹೋಗಿದ್ದರಂತೆ. ಬಾಗಿಲಲ್ಲೇ ಕೇಳಿದರು, ‘ಸರ್ಟಿಫಿಕೇಟ್ ಏನಿದೆ?’ ಒಂದು ಸಲ ಮಷೀನಿನ ಮುಂದೆ ಕೂರಿಸಿ ನೋಡಲೂ ಇಲ್ಲ.

‘ಮೇಡಂ, ನನ್ನ ಹತ್ರ ಏನೂ ಇಲ್ರಿ. ಹೊಲಿಯೋದು ಒಂದು ಬರ್ತೈತಿ’ ಅಂದರು.

ನಾನು 28 ವರ್ಷ ಐಟಿಐನಲ್ಲಿ ಹೊಲಿಗೆ ಟ್ರೇಡಿಗೆ ಪಾಠ ಹೇಳಿದವಳು. ಈ ‘ಏನೂ ಇಲ್ಲ’ ಅನ್ನೋ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಗಾರೆ ಕೆಲಸದವರು ಹೇಳುತ್ತಾರೆ, ಪಿ.ಬಿ. ರಸ್ತೆಯ ಗ್ಯಾರೇಜ್ ಹುಡುಗರು ಹೇಳುತ್ತಾರೆ, ಹರಿಹರದಲ್ಲಿ ಲೇತ್ ಮೇಲೆ ಅರ್ಧ ಆಯಸ್ಸು ಕಳೆದವರೂ ಹೇಳುತ್ತಾರೆ. ಪ್ರತಿ ಸಲ ಕೇಳಿದಾಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇಲ್ಲದೇ ಇರುವುದು ಕಾಗದ ಮಾತ್ರ. ವಿದ್ಯೆ ಇದೆ. ಆ ವಿದ್ಯೆಗೆ ಕಾಗದ ಪಡೆಯೋದು ಹೇಗೆ ಅನ್ನೋದನ್ನು ಇವತ್ತು ನಿಮ್ಮ ಜೊತೆ ಮಾತಾಡಬೇಕು ಅಂತಿದ್ದೇನೆ.

ಸರ್ಕಾರದ ಭಾಷೆಯಲ್ಲಿ ಇದಕ್ಕೆ ಪೂರ್ವ ಕಲಿಕೆಯ ಮಾನ್ಯತೆ ಅಂತಾರೆ. ಬಾಯಿ ಮಾತಲ್ಲಿ ಎಲ್ಲರೂ ಆರ್‌ಪಿಎಲ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಎಲ್ಲಿ ಕಲಿತಿರಿ, ಯಾರ ಹತ್ತಿರ ಕಲಿತಿರಿ ಅಂತ ಇಲ್ಲಿ ಕೇಳುವುದಿಲ್ಲ. ಅಮ್ಮನ ಹತ್ತಿರ ಕಲಿತಿರಬಹುದು, ಮೇಸ್ತ್ರಿಯ ಕೈಕೆಳಗೆ ಕಲಿತಿರಬಹುದು. ಈಗ ನಿಮಗೆ ಏನು ಬರುತ್ತದೆ, ಮಾಡಿ ತೋರಿಸಿ ಅಂತಾರೆ. ತೋರಿಸಿದರೆ ಸರ್ಟಿಫಿಕೇಟ್.

2013ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟು ಅಂತ ಒಂದು ವ್ಯವಸ್ಥೆ ತಂದಿತು. ಪ್ರತಿಯೊಂದು ಕೆಲಸಕ್ಕೂ ಅದರಲ್ಲಿ ಒಂದು ಮೆಟ್ಟಿಲು ಗೊತ್ತು ಮಾಡಿದ್ದಾರೆ. ಸಹಾಯಕನ ಕೆಲಸ ಕೆಳಗಿನ ಮೆಟ್ಟಿಲು, ಪೂರ್ತಿ ಗೊತ್ತಿದ್ದು ತಾನೇ ಮಾಡುವವನದು ಅದಕ್ಕಿಂತ ಮೇಲು, ಇನ್ನೊಬ್ಬರಿಂದ ಮಾಡಿಸುವವನದು ಇನ್ನೂ ಮೇಲು. 2015ರಲ್ಲಿ ಪ್ರಧಾನ ಮಂತ್ರಿ ಕೌಶಲ್ಯ ವಿಕಾಸ ಯೋಜನೆ ಬಂತು. ಅದರ ಒಂದು ಭಾಗವಾಗಿಯೇ ಆರ್‌ಪಿಎಲ್ ನಡೆಯುತ್ತಾ ಬಂದಿದೆ. ಇತಿಹಾಸ ಇಷ್ಟು ಸಾಕು. ಆ ಹೆಣ್ಣುಮಗಳ ಕಥೆಗೆ ಬರುತ್ತೇನೆ.

‘ಒಂದು ಬ್ಲೌಸ್ ಹೇಗೆ ಹೊಲೀತೀರಿ, ಹೇಳಮ್ಮಾ’ ಅಂದೆ. ‘ಕತ್ತರಿಸೋದು, ಹೊಲಿಯೋದು, ಅಷ್ಟೇ ಅಲ್ವಾ ಮೇಡಂ’ ಅಂದರು. ಸರಿ, ಮಾತು ಬೇಡ ಅಂತ ಒಂದು ಬ್ಲೌಸ್ ಪೀಸು, ಲೈನಿಂಗ್ ಬಟ್ಟೆ, ಅಳತೆ ಬ್ಲೌಸು ಕೊಟ್ಟು ಮಷೀನಿನ ಮುಂದೆ ಕೂರಿಸಿದೆ. ನಾನು ಪಕ್ಕದಲ್ಲಿ ಒಂದು ನೋಟ್‌ಬುಕ್ ಹಿಡಿದು ಕೂತೆ.

ಮೊದಲು ಲೈನಿಂಗ್ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. ‘ಇದನ್ನ ನೆನೆಸಿ ಒಣಗಿಸೀರೇನ್ರಿ?’ ಅಂತ ಕೇಳಿದರು. ನೆನೆಸದೆ ಹೊಲಿದರೆ ಒಂದೇ ಒಗೆತಕ್ಕೆ ಲೈನಿಂಗ್ ಕುಗ್ಗಿ ಮೇಲಿನ ಬಟ್ಟೆ ಸುಕ್ಕುಗಟ್ಟುತ್ತದೆ. ನಾನು ಬರೆದುಕೊಂಡೆ. ಆಮೇಲೆ ಬಟ್ಟೆಯ ಎಳೆ ನೋಡಿ ಉದ್ದ ಯಾವುದು ಅಡ್ಡ ಯಾವುದು ಅಂತ ತಿಳಿದುಕೊಂಡು ಹಾಸಿದರು. ಕೊರಳ ಪಟ್ಟಿಗೆ ಮಾತ್ರ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರು. ಓರೆ ಪಟ್ಟಿ ಹಿಗ್ಗುತ್ತದೆ, ಹಾಗಾಗಿ ದುಂಡು ಕೊರಳಿಗೆ ಅಂಟಿ ಕೂರುತ್ತದೆ. ಪಕ್ಕದಲ್ಲಿ ಒಂದೂವರೆ ಇಂಚು ಜಾಸ್ತಿ ಬಿಟ್ಟರು. ‘ಮುಂದೆ ಮೈ ತುಂಬಿಕೊಂಡ್ರೆ ಬಿಚ್ಚಿ ಹಾಕ್ಕೊಳ್ಳಲಿ ಅಂತ’ ಅಂದರು. ಹೊಲಿಯುವ ಮೊದಲು ಒಂದು ಚೂರು ಬಟ್ಟೆಯ ಮೇಲೆ ಮಷೀನ್ ಓಡಿಸಿ, ತಿರುಗಿಸಿ ನೋಡಿದರು. ಕೆಳಗಿನ ದಾರ ಸಡಿಲ. ಬಾಬಿನ್ ಕೇಸಿನ ಪುಟ್ಟ ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡಿದರು. ಮತ್ತೆ ಓಡಿಸಿದರು. ಈಗ ಸರಿ.

ನನ್ನ ನೋಟ್‌ಬುಕ್ಕಿನಲ್ಲಿ ಆ ಹೊತ್ತಿಗೆ 14 ಸಾಲು ಆಗಿತ್ತು. ಆ 14 ಸಾಲನ್ನೂ ಅವರಿಗೆ ಓದಿ ಹೇಳಿದೆ. ‘ಇಷ್ಟೆಲ್ಲಾ ನಾನು ಮಾಡಿದ್ನಾ?’ ಅಂದರು. ಬೇರೆ ಯಾರದೋ ವಿಷಯ ಕೇಳಿದ ಹಾಗಿತ್ತು ಅವರ ಮುಖ.

ಇದನ್ನು ಇಷ್ಟು ಬಿಡಿಸಿ ಹೇಳೋಕೆ ಕಾರಣ ಇದೆ. ಪರೀಕ್ಷೆ ಮಾಡುವವರ ಕೈಯಲ್ಲೂ ಇಂಥದೇ ಒಂದು ಪಟ್ಟಿ ಇರುತ್ತದೆ. ಟೈಲರ್ ಕೆಲಸ ಅಂದರೆ ಇದು, ಇದು, ಇದು ಅಂತ ತುಂಡು ತುಂಡಾಗಿ ಬರೆದಿರುತ್ತಾರೆ. ಅಳತೆ ತೆಗೆಯುವುದು, ಕತ್ತರಿಸುವುದು, ಹೊಲಿಯುವುದು, ಮಷೀನನ್ನು ಜೋಪಾನ ಮಾಡುವುದು, ಕೆಲಸದ ಜಾಗದಲ್ಲಿ ಅಪಾಯ ಆಗದ ಹಾಗೆ ನೋಡಿಕೊಳ್ಳುವುದು, ಎಲ್ಲಕ್ಕೂ ಬೇರೆ ಬೇರೆ ಅಂಕ. ಕೈಗೆ ಎಲ್ಲಾ ಗೊತ್ತಿದ್ದು ಬಾಯಿಗೆ ಬರದಿದ್ದರೆ ಅಲ್ಲಿ ಅಂಕ ಹೋಗುತ್ತದೆ. ನನ್ನ ಅನುಭವದಲ್ಲಿ ಆರ್‌ಪಿಎಲ್‌ನ ನಿಜವಾದ ಕಷ್ಟ ಇದೊಂದೇ. ವಿದ್ಯೆ ಇಲ್ಲದೆ ಸೋತವರನ್ನು ನಾನು ಕಂಡಿದ್ದು ಕಡಿಮೆ. ಮಾತು ಸಿಗದೆ ತಡವರಿಸಿದವರೇ ಜಾಸ್ತಿ.

ಆ ಹೆಣ್ಣುಮಗಳಿಗೂ ಹಾಗೇ ಆಯಿತು. ಪರೀಕ್ಷೆ ಮಾಡುವವರು ಹೊರಗಿನವರು. ತರಬೇತಿ ಕೊಟ್ಟವರೇ ಅಂಕ ಹಾಕುವ ಹಾಗಿಲ್ಲ, ಅದು ಒಳ್ಳೆಯ ನಿಯಮ. ಬಂದವರು ಕೇಳಿದರು, ‘ಸೀಮ್ ಅಲೊವನ್ಸ್ ಎಷ್ಟು ಬಿಟ್ಟಿದ್ದೀರಿ?’ ಇವರು ಸುಮ್ಮನೆ ನಿಂತರು. ಮುಖ ಬಾಡಿತು. ಪುಣ್ಯಕ್ಕೆ ಆ ಮನುಷ್ಯ ಒಳ್ಳೆಯವರು, ಬಟ್ಟೆಯ ಅಂಚಿನ ಮೇಲೆ ಬೆರಳಿಟ್ಟು ತೋರಿಸಿದರು. ‘ಓ, ಮಾರ್ಜಿನ್ನೇನ್ರೀ? ಕೊರಳಿಗೆ ಕಾಲಿಂಚು, ತೋಳಿಗೆ ಅರ್ಧ ಇಂಚು, ಪಕ್ಕಕ್ಕೆ ಒಂದೂವರೆ’ ಅಂತ ಪಟಪಟ ಹೇಳಿದರು. ಎಲ್ಲರೂ ಹಾಗೆ ಬೆರಳಿಟ್ಟು ತೋರಿಸುತ್ತಾರೆ ಅಂತ ನಂಬಿಕೊಂಡು ಹೋಗಬೇಡಿ. ನಿಮ್ಮ ಕೆಲಸದಲ್ಲಿ ನೀವು ದಿನಾ ಬಳಸುವ ಮಾತಿಗೆ ಪುಸ್ತಕದಲ್ಲಿ ಏನಂತಾರೆ, ಮೊದಲೇ ಕೇಳಿ ಇಟ್ಟುಕೊಳ್ಳಿ. ಪ್ರಶ್ನೆಗಳನ್ನು ಕನ್ನಡದಲ್ಲೇ ಕೇಳಿ ಅಂತಲೂ ಹೆಸರು ಬರೆಸುವಾಗಲೇ ಹೇಳಿ. ಸಂಕೋಚ ಬೇಡ.

ಪರೀಕ್ಷೆಗೆ ಮೊದಲು ಒಂದು ಚಿಕ್ಕ ತರಗತಿ ಇರುತ್ತದೆ. ನಮ್ಮವರು ಹೋದಾಗ ಅದು 12 ಗಂಟೆಯದು. ‘19 ವರ್ಷ ಹೊಲಿದವಳಿಗೆ ಇವರೇನು ಹೇಳಿಕೊಡ್ತಾರೆ’ ಅನ್ನೋ ಬೇಸರ ಅವರಿಗಿತ್ತು. ಆದರೆ ಅಲ್ಲಿ ಒಂದು ವಿಷಯ ಅವರಿಗೆ ಹೊಸದಾಗಿ ಗೊತ್ತಾಯಿತು. ಮನೆಯಲ್ಲಿ ಸೂಜಿ ಮುರಿದರೆ ಚೂರನ್ನು ಗೋಡೆಯ ಸಂದಿಗೆ ಸಿಕ್ಕಿಸಿ ಬೇರೆ ಸೂಜಿ ಹಾಕಿಕೊಳ್ಳುತ್ತಿದ್ದರು. ಗಾರ್ಮೆಂಟ್ಸ್‌ನಲ್ಲಿ ಹಾಗಲ್ಲ. ಮುರಿದ ಸೂಜಿಯ ಎಲ್ಲಾ ಚೂರು ಹುಡುಕಿ ಒಪ್ಪಿಸಬೇಕು, ಆಮೇಲೆ ಹೊಸ ಸೂಜಿ. ಒಂದು ಚೂರು ಬಟ್ಟೆಯಲ್ಲೇ ಉಳಿದು ಯಾರದೋ ಮಗುವಿನ ಮೈಗೆ ಚುಚ್ಚಬಾರದಲ್ಲ. ‘ಇದು ಸರಿ ಐತಿ ಮೇಡಂ’ ಅಂತ ಬಂದು ಹೇಳಿದರು.

ಆದರೆ ಎಲ್ಲಾ ಕಡೆ ಇದು ಸರಿಯಾಗಿ ನಡೆಯುತ್ತದೆ ಅಂತ ನಾನು ಹೇಳಲಾರೆ. ಒಂದು ಕಡೆ ನಾನೇ ಕಣ್ಣಾರೆ ನೋಡಿದ್ದೇನೆ. ಗಾರೆ ಕೆಲಸದವರನ್ನು ದಿನದ ಕೂಲಿ ಬಿಡಿಸಿ ಕರೆಸಿದರು. ಹೆಸರು ಬರೆದುಕೊಂಡರು, ಬ್ಯಾನರಿನ ಮುಂದೆ ನಿಲ್ಲಿಸಿ ಫೋಟೋ ತೆಗೆದರು, ಟೀ ಬಿಸ್ಕತ್ತು ಕೊಟ್ಟು ಕಳಿಸಿದರು. ಒಂದು ಇಟ್ಟಿಗೆಯನ್ನೂ ಯಾರೂ ಇಡಿಸಲಿಲ್ಲ. ಅಂಥ ಸರ್ಟಿಫಿಕೇಟ್ ಬಂದರೂ ಅದನ್ನು ಹಿಡಿದವನಿಗೇ ಅದರ ಮೇಲೆ ನಂಬಿಕೆ ಇರುವುದಿಲ್ಲ. ಕೆಲಸ ಮಾಡಿಸಿ ನೋಡದೆ ಕಾಗದ ಕೊಡುತ್ತೇವೆ ಅಂದರೆ ದಯವಿಟ್ಟು ಜಗಳ ತೆಗೆಯಿರಿ. ‘ನನ್ನ ಕೆಲಸ ನೋಡಿ’ ಅಂತ ಕೇಳುವುದು ನಿಮ್ಮ ಹಕ್ಕು. ಕೌಶಲ್ಯ ವಿಕಾಸ ಯೋಜನೆಯಲ್ಲಿ ಪರೀಕ್ಷೆಗೆ ನೀವು ದುಡ್ಡು ಕೊಡಬೇಕಾಗಿಲ್ಲ. ಮಧ್ಯದಲ್ಲಿ ಯಾರಾದರೂ ಕೇಳಿದರೆ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಗೆ ಹೋಗಿ ಹೇಳಿ. ಹೊಸ ಬ್ಯಾಚ್ ಯಾವಾಗ, ಯಾವ ಕೆಲಸಕ್ಕೆ ಅನ್ನೋದನ್ನೂ ಅಲ್ಲೇ ವಿಚಾರಿಸಬಹುದು.

ಇನ್ನೊಂದು ವಿಷಯ ಬಿಚ್ಚಿ ಹೇಳಬೇಕು. ಆರ್‌ಪಿಎಲ್ ಸರ್ಟಿಫಿಕೇಟ್ ಐಟಿಐ ಸರ್ಟಿಫಿಕೇಟ್ ಅಲ್ಲ. ಐಟಿಐ ಆಗಿರಬೇಕು ಅಂತ ಕೇಳುವ ಕೆಲಸಕ್ಕೆ ಇದನ್ನು ಹಿಡಿದು ಹೋದರೆ ವಾಪಸ್ ಕಳಿಸುತ್ತಾರೆ. ಆಗ ಮನಸ್ಸು ಮುರಿಯುತ್ತದೆ. ಐಟಿಐ ಕಾಗದವೇ ಬೇಕು ಅನ್ನುವವರಿಗೂ ದಾರಿ ಇದೆ. ಕಾರ್ಖಾನೆಯಲ್ಲೋ ವರ್ಕ್‌ಶಾಪಿನಲ್ಲೋ ಅದೇ ಟ್ರೇಡಿನಲ್ಲಿ ಕನಿಷ್ಠ 3 ವರ್ಷ ದುಡಿದವರು ಖಾಸಗಿ ಅಭ್ಯರ್ಥಿಯಾಗಿ ಅಖಿಲ ಭಾರತ ಟ್ರೇಡ್ ಪರೀಕ್ಷೆಗೆ ಕೂರಲು ಅವಕಾಶ ಇದೆ. ವಯಸ್ಸು, ಓದು, ಅನುಭವದ ಪತ್ರ ಇವಕ್ಕೆ ಷರತ್ತು ಇವೆ. ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ ಪ್ರಿನ್ಸಿಪಾಲರನ್ನೇ ಕೇಳಿ. ಹರಿಹರದ ಲೇತ್ ಕೆಲಸದವರಿಗೆ ನಾನು ಇದನ್ನೇ ಹೇಳುವುದು. ಎಲ್ಲಾ ಟ್ರೇಡಿಗೂ ಎಸ್ಸೆಸ್ಸೆಲ್ಸಿ ಬೇಕು ಅಂತ ಜನ ತಿಳಿದಿದ್ದಾರೆ. ಹಾಗಿಲ್ಲ. ಹೊಲಿಗೆ, ವೆಲ್ಡರ್, ವೈರ್‌ಮನ್ ಟ್ರೇಡುಗಳಿಗೆ ಎಂಟನೇ ಕ್ಲಾಸ್ ಪಾಸಾಗಿದ್ದರೂ ಸಾಕು.

ಅರ್ಧಕ್ಕೆ ನಿಂತ ಓದಿನ ಮಾತೂ ಹೀಗೇ. ಎಸ್ಸೆಸ್ಸೆಲ್ಸಿ ಫೇಲ್ ಅಂದ ಕೂಡಲೇ ಎಲ್ಲಾ ಮುಗಿಯಿತು ಅಂತ ಮಾರ್ಕ್ಸ್ ಕಾರ್ಡನ್ನೇ ಕಳೆದುಕೊಂಡು ಬಿಡುತ್ತಾರೆ. ಅದರಲ್ಲಿ ಪಾಸಾದ ವಿಷಯಗಳೂ ಇರುತ್ತವೆ ಅಲ್ವಾ? ರಾಷ್ಟ್ರೀಯ ಮುಕ್ತ ಶಾಲೆಗೆ ಸೇರಿದರೆ, ಹಿಂದೆ ಪಾಸಾದ ಎರಡು ವಿಷಯಗಳ ಅಂಕವನ್ನು ಅಲ್ಲಿಗೆ ವರ್ಗ ಮಾಡಿಸಿಕೊಳ್ಳಬಹುದು. ಉಳಿದ ಮೂರು ಬರೆದರೆ ಹತ್ತನೇ ಕ್ಲಾಸ್. ಎಷ್ಟು ಹಳೆಯ ಅಂಕ ನಡೆಯುತ್ತದೆ ಅನ್ನೋದಕ್ಕೆ ಮಿತಿ ಇದೆ, ಸೇರುವ ಮೊದಲೇ ಕೇಳಿ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾಗೆ ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಆದವರಿಗೆ ಇಂಜಿನಿಯರಿಂಗ್‌ಗೂ ಎರಡನೇ ವರ್ಷದಿಂದಲೇ ದಾರಿ. ಓದಿದ ಒಂದು ವರ್ಷವೂ ದಂಡ ಆಗುವುದಿಲ್ಲ. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಂತೂ 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್ ಅಂತ ಲೆಕ್ಕ ಇಟ್ಟಿದ್ದಾರೆ. ಶಾಲೆಯ ಓದು, ಕೈಕೆಲಸದ ತರಬೇತಿ, ದುಡಿದ ಅನುಭವ ಎಲ್ಲವನ್ನೂ ಒಂದೇ ಖಾತೆಗೆ ಜಮಾ ಮಾಡುವ ಯೋಚನೆ ಅದು. ಪೂರ್ತಿ ಜಾರಿಗೆ ಬಂದರೆ ನಮ್ಮಂಥ ಜಿಲ್ಲೆಗಳಿಗೇ ಅದರಿಂದ ಜಾಸ್ತಿ ಉಪಯೋಗ ಅಂತ ನನ್ನ ನಂಬಿಕೆ.

ಬಡಗಿ, ಕಮ್ಮಾರ, ಕುಂಬಾರ, ಗಾರೆಯವರು, ದರ್ಜಿ, ಕ್ಷೌರಿಕ ಹೀಗೆ 18 ಕಸುಬಿನವರಿಗೆ 2023ರ ಸೆಪ್ಟೆಂಬರ್‌ನಲ್ಲಿ ಪಿಎಂ ವಿಶ್ವಕರ್ಮ ಯೋಜನೆ ಬಂತು. ಅದರಲ್ಲಿ ಗುರುತಿನ ಚೀಟಿ, ಪ್ರಮಾಣಪತ್ರ, ತರಬೇತಿಯ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು ಇದೆ. ಆ 18ರಲ್ಲಿ ನೇಕಾರರು ಇಲ್ಲ. ನನಗೆ ಇದು ನೋವಿನ ವಿಷಯ. ಮೊಳಕಾಲ್ಮೂರು ಸೀರೆಗೆ, ಇದು ಆ ಊರಿನದೇ ಅನ್ನುವ ಭೌಗೋಳಿಕ ಗುರುತು, ಅಂದರೆ ಜಿಐ, ಸಿಕ್ಕಿದೆ. ಅದನ್ನು ನೇಯುವ ಅಣ್ಣ, ಅಕ್ಕಂದಿರಲ್ಲಿ ಎಷ್ಟೋ ಜನಕ್ಕೆ ತಾವು ನೇಕಾರರು ಅನ್ನೋದಕ್ಕೆ ಕೌಶಲ್ಯದ ಒಂದು ಸರ್ಟಿಫಿಕೇಟ್ ಇಲ್ಲ. ಕೈಮಗ್ಗದ ನೇಯ್ಗೆಗೂ ಆ ಕೌಶಲ್ಯ ಚೌಕಟ್ಟಿನಲ್ಲಿ ಮೆಟ್ಟಿಲು ಇದೆ. ಮೊಳಕಾಲ್ಮೂರಿನಲ್ಲಿ ನೇಕಾರರ ಸಂಘದವರು ಒಟ್ಟಾಗಿ ಹೋಗಿ, ನಮಗೊಂದು ಆರ್‌ಪಿಎಲ್ ಬ್ಯಾಚ್ ಬೇಕು, ನಮ್ಮ ಮಗ್ಗದ ಹತ್ತಿರಾನೇ ಬಂದು ನೋಡಿ ಅಂತ ಕೇಳಬೇಕು. ಒಬ್ಬೊಬ್ಬರೇ ಕೇಳಿದರೆ ಆಗದ್ದು ಇಪ್ಪತ್ತು ಮೂವತ್ತು ಜನ ಸೇರಿ ಕೇಳಿದರೆ ಆಗುತ್ತದೆ.

ಹೋಗುವ ಮೊದಲು ಆಧಾರ್‌ನಲ್ಲಿರುವ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನ ಹೆಸರು, ಟಿಸಿಯ ಹೆಸರು ಒಂದೇ ಥರ ಇದೆಯಾ ನೋಡಿಕೊಳ್ಳಿ. ಒಂದರಲ್ಲಿ ಇನಿಷಿಯಲ್ ಹಿಂದೆ, ಇನ್ನೊಂದರಲ್ಲಿ ಮುಂದೆ, ಮತ್ತೊಂದರಲ್ಲಿ ‘ಅಮ್ಮ’ ಬಿಟ್ಟುಹೋಗಿರುತ್ತದೆ. ಇದೊಂದಕ್ಕೇ ತಿಂಗಳುಗಟ್ಟಲೆ ಅಲೆದವರಿದ್ದಾರೆ. ನೀವು ಮಾಡಿದ ಕೆಲಸದ ಫೋಟೋ ಮೊಬೈಲಿನಲ್ಲಿ ತೆಗೆದು ಇಟ್ಟುಕೊಳ್ಳಿ. ಕಟ್ಟಿದ ಗೋಡೆ, ಹೊಲಿದ ಬ್ಲೌಸು, ರಿಪೇರಿ ಮಾಡಿದ ಇಂಜಿನ್, ಏನೇ ಇರಲಿ. ಕೆಲಸ ಕೊಟ್ಟವರಿಂದ ನಾಲ್ಕು ಸಾಲು ಬರೆಸಿಕೊಂಡು ದಿನಾಂಕ ಹಾಕಿಸಿ ಇಟ್ಟರೆ, ಕೇಳಿದಾಗ ಹುಡುಕಾಡುವುದು ತಪ್ಪುತ್ತದೆ.

ನಮ್ಮ ಜಗಳೂರಿನ ಹೆಣ್ಣುಮಗಳು ಪಾಸಾದರು. ಮತ್ತೆ ಅದೇ ಗಾರ್ಮೆಂಟ್ಸ್‌ಗೆ ಹೋದರು, ಈ ಸಲ ಮಷೀನಿನ ಮುಂದೆ ಕೂರಿಸಿದರು. ಕೆಲಸ ಕೊಟ್ಟರು. ಅವರು ಆರು ತಿಂಗಳು ಮಾಡಿ ಬಿಟ್ಟರು. ದಿನಾ ಬಸ್ಸಿನಲ್ಲಿ ಓಡಾಡುವುದು ಆಗಲಿಲ್ಲ. ಈಗ ಊರಲ್ಲೇ ನಾಲ್ಕು ಹುಡುಗಿಯರಿಗೆ ಹೊಲಿಗೆ ಹೇಳಿಕೊಡುತ್ತಾರೆ. ಮೊನ್ನೆ ಫೋನ್ ಮಾಡಿದ್ದರು. ಹುಡುಗಿಯರು ಮಾಡುವ ಕೆಲಸವನ್ನೆಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಸಾಲು ಸಾಲಾಗಿ ಬರೆಸುತ್ತಿದ್ದಾರಂತೆ. ಒಬ್ಬಳದು ಆಗಲೇ 22 ಸಾಲು ಆಗಿದೆಯಂತೆ. ‘ನನ್ನದಕ್ಕಿಂತ ಎಂಟು ಜಾಸ್ತಿ ಮೇಡಂ’ ಅಂತ ನಗುತ್ತಾ ಹೇಳಿದರು.

ನಮಸ್ಕಾರ.