ಸುಮ್ಮನೆ ಕೂರುವುದಕ್ಕೆ ಎಷ್ಟು ವ್ಯಾಟ್?

ಎಲ್ಲರಿಗೂ ನಮಸ್ಕಾರ. ನನಗಿಂತ ಮುಂಚೆ ಮಾತಾಡಿದವರು ಹಳೇ ಪಿಸಿಯಲ್ಲಿ ಸಿನಿಮಾ ನೋಡೋಕೆ ಜೆಲ್ಲಿಫಿನ್, ಫೈಲ್ ಇಡೋಕೆ ನೆಕ್ಸ್ಟ್‌ಕ್ಲೌಡ್ ಎಲ್ಲ ಹಾಕಿ, ಅದನ್ನೇ ಹಗಲೂ ರಾತ್ರಿ ಓಡುವ ಮನೆಯ ಸರ್ವರ್ ಮಾಡಿ ತೋರಿಸಿದರು, ನೀವೂ ಜೋರಾಗಿ ಚಪ್ಪಾಳೆ ತಟ್ಟಿದಿರಿ. ಈಗ ಕರೆಂಟ್ ಬಿಲ್ ಹಿಡಿದುಕೊಂಡು ನಾನು ಬಂದಿದ್ದೇನೆ.

ಮೇಜಿನ ಮೇಲಿರುವುದು 2013ರ ಕಾಲದ, ನಾಲ್ಕನೇ ತಲೆಮಾರಿನ ಐ5. ಯಾವುದೋ ಆಫೀಸಿನವರು ಬೇಡವೆಂದು ಮಾರಿದ ಡೆಸ್ಕ್‌ಟಾಪ್. ಒಂದು ಗ್ರಾಫಿಕ್ಸ್ ಕಾರ್ಡ್, ಎರಡು ದೊಡ್ಡ ಹಾರ್ಡ್ ಡಿಸ್ಕ್, ತಿರುಗುವ ಭಾಗವೇ ಇಲ್ಲದ ಒಂದು ಎಸ್‌ಎಸ್‌ಡಿ. ಪ್ಲಗ್ಗಿಗೆ ಮೀಟರ್ ಸಿಕ್ಕಿಸಿದ್ದೇನೆ, ಹಿಂದಿನ ಸಾಲಿನವರಿಗಾಗಿ ನಾನೇ ಓದುತ್ತೇನೆ: 62 ವ್ಯಾಟ್. ಇದೀಗ ಅದು ಏನು ಮಾಡುತ್ತಿದೆ? ಏನೂ ಇಲ್ಲ. ಮನೆಯ ಸರ್ವರ್ ದಿನದ ಬಹುಪಾಲು ಹೀಗೇ ಕೂತಿರುತ್ತದೆ. ಹಾಗಾಗಿ ಇವತ್ತು ನಾನು ಕೇಳುವ ಪ್ರಶ್ನೆ ಒಂದೇ: ಸುಮ್ಮನೆ ಕೂರುವುದಕ್ಕೆ ಎಷ್ಟು? ಪ್ರೊಸೆಸರ್ ಡಬ್ಬದ ಮೇಲೆ ಬರೆದ ಟಿಡಿಪಿ ಅನ್ನೋ ವ್ಯಾಟ್ ಅಂಕಿ ಈ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ಅದು ಮೈಮುರಿದು ದುಡಿಯುವಾಗಿನ ಲೆಕ್ಕ.

ವರ್ಷವಿಡೀ ಉರಿಯುವ ಒಂದು ವ್ಯಾಟ್ ಅಂದರೆ 8.76 ಯೂನಿಟ್. 62 ವ್ಯಾಟ್ ತಿಂಗಳಿಗೆ ಹತ್ತಿರ ಹತ್ತಿರ 45 ಯೂನಿಟ್ ಆಗುತ್ತದೆ. ಗೃಹಜ್ಯೋತಿಯ ಲೆಕ್ಕ ನಿಮಗೆಲ್ಲ ಗೊತ್ತು: ಹಿಂದಿನ ಸರಾಸರಿಗೆ ಶೇಕಡ ಹತ್ತು ಸೇರಿಸಿದಷ್ಟು ಉಚಿತ, 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ. 165 ಯೂನಿಟ್ ಸರಾಸರಿಯ ಮನೆಗೆ ಈ ಪಿಸಿ ಬಂತು ಅನ್ನಿ. 165ಕ್ಕೆ 45 ಕೂಡಿದರೆ 210. ಮಗ ಫೋಟೋ ಬ್ಯಾಕಪ್‌ಗೆ ಅಂತ ಇಟ್ಟದ್ದು, ಅಪ್ಪನ ಸೊನ್ನೆ ಬಿಲ್ಲನ್ನೇ ನುಂಗಿಹಾಕಿತು! ಮನೆಯಲ್ಲಿ ಆ ತಿಂಗಳು ಏನೇನು ಮಾತು ಬರುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲೊಂದು ಕಥೆ ಹೇಳಲೇಬೇಕು. ಇದನ್ನು ನನ್ನಿಂದ ಆಗಲೇ ಕೇಳಿದವರು ಕಾಫಿಗೆ ಹೋಗಿ ಬರಬಹುದು. ಇಂಟೆಲ್ 8086 ಕಾಲದಿಂದಲೂ ಪ್ರೊಸೆಸರ್‌ಗೆ ಹಾಲ್ಟ್ ಅಂತ ಒಂದು ಆದೇಶ ಇದೆ. ಮುಂದಿನ ಇಂಟರಪ್ಟ್, ಅಂದರೆ ಕೆಲಸಕ್ಕೆ ಎಬ್ಬಿಸುವ ಕರೆ, ಬರುವ ತನಕ ಸುಮ್ಮನಿರು ಅಂತ. ವಿಂಡೋಸ್ ಎನ್‌ಟಿ ಅದನ್ನು ಬಳಸುತ್ತಿತ್ತು, ಲಿನಕ್ಸ್ ಬಳಸುತ್ತಿತ್ತು. ವಿಂಡೋಸ್ 95 ಬಳಸುತ್ತಿರಲಿಲ್ಲ. ಕೆಲಸವಿಲ್ಲದಾಗ ಅದು ಒಂದೇ ಲೂಪಿನಲ್ಲಿ ಗಿರಗಿರ ಸುತ್ತುತ್ತಿತ್ತು. ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದ ಅಂತಾರಲ್ಲ, ಥೇಟ್ ಹಾಗೆ. ಕಾರಣ ಕೇಳಿ, ಇನ್ನೂ ಮಜಾ ಇದೆ. ಆಗಿನ ಕೆಲವು ಲ್ಯಾಪ್‌ಟಾಪ್‌ಗಳು ಹಾಲ್ಟ್ ಅಂದರೆ ಸಾಕು, ಮಲಗಿದವು ಮತ್ತೆ ಏಳುತ್ತಲೇ ಇರಲಿಲ್ಲ! ಅವುಗಳ ದೆಸೆಯಿಂದ ಎಲ್ಲರಿಗೂ ನಿದ್ದೆ ರದ್ದು. ಆಮೇಲೆ ಜನ ರೈನ್ ಅನ್ನೋ ಪುಟ್ಟ ಪ್ರೋಗ್ರಾಂ ಹಾಕಿಕೊಂಡರು. ಅದು ಮಾಡುತ್ತಿದ್ದ ಘನಕಾರ್ಯ ಏನಪ್ಪಾ ಅಂದರೆ, ಬಿಡುವಾದಾಗಲೆಲ್ಲ ಹಾಲ್ಟ್ ಅನ್ನುವುದು. ಅಷ್ಟಕ್ಕೇ ಪ್ರೊಸೆಸರ್ ತಣ್ಣಗಾಗುತ್ತಿತ್ತು.

ಲಿನಕ್ಸ್‌ನವರು ಬೀಗಬೇಡಿ. 2007ರ ತನಕ ನಮ್ಮ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಕೂಡ ಮಲಗಿದ ಪ್ರೊಸೆಸರನ್ನು ಸೆಕೆಂಡಿಗೆ ನೂರಾರು ಸಲ ತಟ್ಟಿ ಎಬ್ಬಿಸುತ್ತಿತ್ತು, ಗಡಿಯಾರ ನೋಡುವುದಕ್ಕೆ. ಆ ವರ್ಷ ಬಂದ 2.6.21 ಆವೃತ್ತಿಯಲ್ಲಿ ಅದು ತಪ್ಪಿತು. ಅದೇ ವರ್ಷ ಇಂಟೆಲ್‌ನಿಂದ ಪವರ್‌ಟಾಪ್ ಬಂತು. ಯಾವ ಪ್ರೋಗ್ರಾಂ ಎಷ್ಟು ಸಲ ಎಬ್ಬಿಸುತ್ತಿದೆ ಅಂತ ಹೆಸರು ಹಿಡಿದು ಪಟ್ಟಿ ಹಾಕುವ ತಂತ್ರಾಂಶ. ಎಷ್ಟೋ ಪ್ರೋಗ್ರಾಂಗಳ ಬಂಡವಾಳ ಬಯಲಾಯಿತು.

ಸರಿ, ಈ ಡಬ್ಬಕ್ಕೆ ಬರೋಣ. ಇಲ್ಲಿ ಬಿಚ್ಚಿ ತೋರಿಸುವಷ್ಟು ಹೊತ್ತಿಲ್ಲ, ಮನೆಯಲ್ಲಿ ಅಳೆದ ಅಂಕಿ ಹೇಳುತ್ತೇನೆ. ಗ್ರಾಫಿಕ್ಸ್ ಕಾರ್ಡ್ ಕಿತ್ತೆ, 47ಕ್ಕೆ ಇಳಿಯಿತು. ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದೆ, ಮಾನಿಟರ್ರೇ ಇಲ್ಲದ ಯಂತ್ರಕ್ಕೆ ಇನ್ನೊಂದು ಯಾಕೆ?

ಆಮೇಲೆ ಡಿಸ್ಕ್. ಮೂರೂವರೆ ಇಂಚಿನ ಡಿಸ್ಕ್ ಬರೀ ತಿರುಗುತ್ತಾ ಇದ್ದರೂ ಐದಾರು ವ್ಯಾಟ್ ತಿನ್ನುತ್ತದೆ, ನಿಂತರೆ ಒಂದರ ಆಸುಪಾಸು. ಲಿನಕ್ಸ್‌ನಲ್ಲಿ ಡಿಸ್ಕ್ ಸೆಟ್ಟಿಂಗ್ ಬದಲಿಸುವ ಎಚ್‌ಡಿಪಾರ್ಮ್ ಆದೇಶದಲ್ಲಿ ದೊಡ್ಡಕ್ಷರ ಎಸ್ ಮುಂದೆ 241 ಅಂತ ಕೊಡಿ, ಅರ್ಧ ಗಂಟೆ ಯಾರೂ ಕರೆಯದಿದ್ದರೆ ಡಿಸ್ಕ್ ನಿಲ್ಲುತ್ತದೆ. 241 ಅಂದರೆ ಅರ್ಧ ಗಂಟೆ ಯಾಕೆ ಅಂತ ಕೇಳಬೇಡಿ, ಆ ಲೆಕ್ಕ ಹಾಗೇ ಇದೆ. ಐದು ನಿಮಿಷಕ್ಕೆಲ್ಲ ಇಡಬೇಡಿ, ನಿಂತು ಹೊರಟು ಮಾಡಿಯೇ ಮೋಟರ್ ಸವೆಯುತ್ತದೆ. ಸದಾ ಬರೆಯುತ್ತಲೇ ಇರುವ ಲಾಗ್, ಡೇಟಾಬೇಸ್ ಎಲ್ಲ ಎಸ್‌ಎಸ್‌ಡಿಗೆ ಸಾಗಿಸಿ, ಇಲ್ಲದಿದ್ದರೆ ಡಿಸ್ಕ್ ಮಲಗುವುದೇ ಇಲ್ಲ. ಇಷ್ಟಾದ ಮೇಲೆ 36.

ಇನ್ನು ಬಯಾಸ್, ಪಿಸಿ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟ. ಸಿ-ಸ್ಟೇಟ್‌ಗಳನ್ನು, ಅಂದರೆ ಪ್ರೊಸೆಸರ್‌ನ ನಿದ್ದೆಯ ಹಂತಗಳನ್ನು, ಯಾರೋ ಪುಣ್ಯಾತ್ಮರು ಆಫ್ ಮಾಡಿರುತ್ತಾರೆ, ಆನ್ ಮಾಡಿ. ಜೋಡಿಸಿದ ಕಾರ್ಡುಗಳ ಕೊಂಡಿಯನ್ನು ಮಲಗಿಸುವ ಎಎಸ್‌ಪಿಎಂ ಕೂಡ. ಆಳವಾದ ನಿದ್ದೆಗೆ ಪ್ರೊಸೆಸರ್ ಇಳಿಯಬೇಕಾದರೆ ಅದಕ್ಕೆ ಜೋಡಿಸಿದ ಕಾರ್ಡುಗಳೂ ಒಪ್ಪಬೇಕು. ಡಿಸ್ಕ್ ಜೋಡಿಸುವ ಅಗ್ಗದ ಒಂದು ಸಾಟಾ ಕಾರ್ಡ್ ಎಚ್ಚರ ಕೂತರೆ ಇಡೀ ಚಿಪ್ಪಿಗೆ ಜಾಗರಣೆ. ಉಳಿತಾಯದ ಸೆಟ್ಟಿಂಗ್‌ಗಳನ್ನೆಲ್ಲ ತಾನೇ ಹಾಕುವ ಪವರ್‌ಟಾಪ್‌ನ ಆಟೋ-ಟ್ಯೂನ್ ಓಡಿಸಿ, ಅದಕ್ಕೆ ಮುಂಚೆ ಬ್ಯಾಕಪ್ ತೆಗೆದಿಡಿ. ಯುಎಸ್‌ಬಿ ಕೀಬೋರ್ಡ್ ತೂಕಡಿಸಿದರೆ ಗಾಬರಿಯಾಗಬೇಡಿ. ಈಗ 27. ಅಂದರೆ ತಿಂಗಳಿಗೆ 20 ಯೂನಿಟ್ ಒಳಗೆ. ಆಗ ಹೇಳಿದ ಮನೆ 185ರಲ್ಲಿ ನಿಲ್ಲುತ್ತದೆ, ಶೇಕಡ ಹತ್ತು ಸೇರಿಸಿ 181ರ ತನಕ ಉಚಿತ, ಉಳಿದ ಮೂರ್ನಾಲ್ಕು ಯೂನಿಟ್ಟಿಗಷ್ಟೇ ದುಡ್ಡು.

"ಇಷ್ಟೆಲ್ಲ ಯಾಕೆ ಸರ್, ಎಂಟು ವ್ಯಾಟಿನ ಮಿನಿ ಪಿಸಿ ತಗೊಂಡರಾಯ್ತಲ್ಲ" ಅಂತ ಮುಂದಿನ ಸಾಲಿನಿಂದ ಕೇಳುತ್ತಿದ್ದಾರೆ. ತಗೊಳ್ಳಿ. ಆದರೆ ಎಂಟನ್ನು 62ರ ಜೊತೆ ಹೋಲಿಸಬೇಡಿ, 27ರ ಜೊತೆ ಹೋಲಿಸಿ. 19 ವ್ಯಾಟ್ ವ್ಯತ್ಯಾಸ, ವರ್ಷಕ್ಕೆ 166 ಯೂನಿಟ್, ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಸಾವಿರ ರೂಪಾಯಿ. ಮಿನಿ ಪಿಸಿಯ ಬೆಲೆ ವಸೂಲಾಗುವ ಹೊತ್ತಿಗೆ ಅದೂ ಹಳತಾಗಿರುತ್ತದೆ. ಪೆಂಟಿಯಂ 4 ಇಟ್ಟುಕೊಂಡವರ ಮಾತು ಬೇರೆ. ಅದಕ್ಕೆ ಸುಮ್ಮನಿರುವುದನ್ನು ಕಲಿಸಲು ಆಗುವುದಿಲ್ಲ, ಇ-ತ್ಯಾಜ್ಯದವರಿಗೆ ಕೊಟ್ಟುಬಿಡಿ.

ಚೀಟಿ ಬಂತು, ಐದೇ ನಿಮಿಷವಂತೆ. ಪವರ್ ಸಪ್ಲೈ ಬಗ್ಗೆ ಎಂಟು ಸ್ಲೈಡ್ ಇತ್ತು, ಹೋಗಲಿ. ಒಂದು ಮಾತು: ಸಪ್ಲೈ ಎಷ್ಟು ಕರೆಂಟ್ ಪೋಲು ಮಾಡುತ್ತದೆ ಅಂತ ಅಳೆದು ಕೊಡುವ 80 ಪ್ಲಸ್ ಗೋಲ್ಡ್ ಚೀಟಿಯ ಪರೀಕ್ಷೆ ಶುರುವಾಗುವುದೇ ಶೇಕಡ 20ರ ಲೋಡಿನಿಂದ. 450 ವ್ಯಾಟಿನ ಸಪ್ಲೈ ಮೇಲೆ ನಮ್ಮ 27 ವ್ಯಾಟ್ ಶೇಕಡ ಆರು. ಗೋಲ್ಡ್ ಚೀಟಿ ನೋಡಿ ದುಡ್ಡು ಸುರಿಯಬೇಡಿ, ಇಲ್ಲೂ ಕೇಳಬೇಕಾದ್ದು ಸುಮ್ಮನೆ ಕೂರುವುದಕ್ಕೆ ಎಷ್ಟು ಅಂತಲೇ. ಯುಪಿಎಸ್: ಕರೆಂಟ್ ಹೋದಾಗ 62ರ ಬದಲು 27 ಎಳೆದರೆ, ಅದೇ ಬ್ಯಾಟರಿ ಸರ್ವರನ್ನು ದುಪ್ಪಟ್ಟಿಗೂ ಹೆಚ್ಚು ಹೊತ್ತು ನಡೆಸುತ್ತದೆ.

ರಾತ್ರಿ ಹನ್ನೆರಡರಿಂದ ಬೆಳಗ್ಗೆ ಆರರವರೆಗೆ ಯಾರಿಗೂ ಬೇಡವೆಂದರೆ ಹೇಳಿದ ಹೊತ್ತಿಗೆ ತಾನೇ ಎಬ್ಬಿಸುವ ಆರ್‌ಟಿಸಿವೇಕ್ ಹಾಕಿ ಆಫ್ ಮಾಡಿ, ಸರ್ವರ್ ಬಿಲ್ಲಿನ ಹತ್ತಿರ ಹತ್ತಿರ ಕಾಲು ಭಾಗ ಅಲ್ಲೇ ಉಳಿಯಿತು. ಏನಮ್ಮಾ? ಹೌದು, ಮಧ್ಯೆ ಬೇಕಾದರೆ ಫೋನಿಂದಲೇ ವೇಕ್ ಆನ್ ಲ್ಯಾನ್ ಅನ್ನೋ ನೆಟ್‌ವರ್ಕ್ ಕರೆ ಕಳಿಸಿ ಎಬ್ಬಿಸಬಹುದು. ಏಳಲಿಲ್ಲ ಅಂದರೆ ಬಯಾಸ್‌ನಲ್ಲಿ ಇಆರ್‌ಪಿ ಅಂತ, ಆಫ್ ಆದಾಗಿನ ಕರೆಂಟನ್ನೂ ಕತ್ತರಿಸುವ ಸೆಟ್ಟಿಂಗ್ ಇರುತ್ತದೆ, ಅದನ್ನು ಆಫ್ ಮಾಡಿ ನೋಡಿ.